ಹುಳು ಮೇಯುವ ಸದ್ದು

ಉಮ್ಮತ್ತೂರಿನ ಚಿಕ್ಕಬಸಮ್ಮನವರ ರೇಷ್ಮೆಹುಳು ಮನೆಯಲ್ಲಿ ಬೆಳಗಿನ ಐದೂವರೆಗೇ ಫ್ಯಾನು ಗುಂಯ್ ಎನ್ನುತ್ತಿದೆ. ತಟ್ಟೆಗಳ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ಹುಳು. ಅರವತ್ತೆಂಟರ ಅಜ್ಜಿಯ ಎರಡೂ ಕಿವಿಯಿಂದ ಹೊರಟ ವೈರು ಟಿಫಿನ್ ಡಬ್ಬಿಯಷ್ಟು ದೊಡ್ಡ ಬೋರ್ಡಿಗೆ ಸೇರಿದೆ. ಅದನ್ನು ಹಿಡಿದು ನಿಂತ ಫಾಯಿಜಾ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದಾರೆ.

ಗುಂಡ್ಲುಪೇಟೆಯ ಫಾಯಿಜಾ ಶ್ರವಣಯಂತ್ರದ ಚಿಪ್ ವಿನ್ಯಾಸಗಾರ್ತಿ. ಅಕ್ಕಿಕಾಳಿನಷ್ಟಿರುವ ಆ ಚಿಪ್ಪು ಬೇಕಾದ ಸದ್ದನ್ನು ಏರಿಸಿ, ಬೇಡದ್ದನ್ನು ಅಡಗಿಸಬೇಕು. ಅದೂ ಸೆಕೆಂಡಿನ ನೂರನೇ ಒಂದು ಪಾಲಿನೊಳಗೆ. ತಡವಾದರೆ ತೊಟ್ಟವರಿಗೆ ತಮ್ಮ ಮಾತೇ ಬಾವಿಯಿಂದ ಮರಳಿ ಬಂದಂತಾಗುತ್ತದೆ. ಅಪ್ಪ ಬಷೀರ್ ಅಹಮದ್ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಮಗಳ ಕೆಲಸವೇನೆಂದು ಯಾರಾದರೂ ಕೇಳಿದರೆ, 'ಅದೇ ನಮ್ ಕಸುಬು, ಅಂಗಡಿ ಮಾತ್ರ ಸಣ್ದು' ಎನ್ನುತ್ತಾರೆ.

ಮೈಸೂರಿನ ಪುಟ್ಟ ಕಂಪನಿಗಾಗಿ ಎರಡು ವರ್ಷ ಕೂತು ರೂಪಿಸಿದ ವಿನ್ಯಾಸವನ್ನು, ಚಿಪ್ಪಾಗಿಸುವ ಮುನ್ನ, ಇಂಥ ಬೋರ್ಡಿನಲ್ಲೇ ಹನ್ನೊಂದು ಮಂದಿಯ ಮೇಲೆ ಪರೀಕ್ಷಿಸಿದಾಗ ಹತ್ತು ಮಂದಿ ತಲೆದೂಗಿದರು. ಹನ್ನೊಂದನೆಯವರಾದ ಚಿಕ್ಕಬಸಮ್ಮ ಎರಡೇ ದಿನಕ್ಕೆ ಕಳಚಿ ಅಟ್ಟಕ್ಕೆ ಹಾಕಿದರು. ಹೊಟ್ಟೆಬಾಕ ಹುಳುಗಳು ಮೇಯುವಾಗ ಸೋನೆಮಳೆಯಂತೆ ಚರಚರ ಸದ್ದು. ಅದು ತಗ್ಗಿತೆಂದರೆ ಸೊಪ್ಪು ಮುಗಿದಿದೆ, ಇಲ್ಲವೇ ರೋಗ ತಗಲಿದೆ ಎಂದು ನಲವತ್ತು ವರ್ಷದಿಂದ ಕಿವಿಯಲ್ಲೇ ತಿಳಿದವರು ಅವರು.

'ಬರೀ ಕಿವೀಗೆ ಒಸಿಯಾದ್ರೂ ಕೇಳ್ತಿತ್ತು. ಇದ್ನ ಆಕ್ಕಂಡ್ರೆ ಪೂರಾ ಇಲ್ಲ. ಉಳ ಮೇವ್ ಬುಟ್ಬುಟ್ಟವೆ ಅಂತ ಓಡೋಗ್ ನೋಡುದ್ರೆ ಗಬಗಬ ತಿಂತಾವೆ. ನಿನ್ ಮಿಸಿನ್ಗೇ ಕಿವುಡು ಕಣಮ್ಮಿ.'

ಎಡೆಬಿಡದ ಸದ್ದೆಲ್ಲ ಗದ್ದಲವೆಂದು ಬಗೆದ ವಿನ್ಯಾಸ ಫ್ಯಾನಿನ ಜೊತೆ ಹುಳುವನ್ನೂ ಅಳಿಸಿಹಾಕಿತ್ತು. 'ಹಾಗೆ ಮಾಡು ಅಂತ ಅದಕ್ಕೆ ಕಲಿಸಿದ್ದೇ ನಾನು' ಎನ್ನುವ ಫಾಯಿಜಾ ಎಲ್ಲ ಬಿಚ್ಚಿ ಮತ್ತೆ ಕೂತರು. ಫ್ಯಾನಿನದು ಒಂದೇ ಎಳೆ. ಹುಳುವಿನದು ಸಾವಿರಾರು ಸಣ್ಣ ಕಚ್ಚುಗಳು. ಆ ವ್ಯತ್ಯಾಸ ಹಿಡಿಯುವಂತೆ ತಿದ್ದಿದ್ದಾಯಿತು. ಆದರೆ ಏಳು ದಿನ ಬರಬೇಕಿದ್ದ ಬ್ಯಾಟರಿಯ ಲೆಕ್ಕ ಆರಕ್ಕಿಳಿಯಿತು.

'ನೋಡಿ ಫಾಯಿಜಾ, ಒಬ್ಬ ಅಜ್ಜಿಯ ಹುಳುವಿಗೋಸ್ಕರ ಎಲ್ಲರ ಒಂದು ದಿನ ಕೊಡೋಕಾಗುತ್ತಾ?' ಮುಖ್ಯಸ್ಥ ಕಿರಣ್ ಕುಮಾರ್ ಕೇಳಿದ್ದನ್ನು ಅವರದೇ ಮೂಗುದನಿಯಲ್ಲಿ, ಕನ್ನಡಕ ಏರಿಸುವುದನ್ನೂ ಬಿಡದೆ, ಫಾಯಿಜಾ ಮಾಡಿ ತೋರಿಸುತ್ತಾರೆ. ಕೊನೆಗೆ ಒಪ್ಪಂದವಾದದ್ದಿಷ್ಟು: ಇಂದು ಅಜ್ಜಿಗೆ ಕೇಳಿಸಿದರೆ ಹೊಸ ವಿನ್ಯಾಸ, ಇಲ್ಲವಾದರೆ ಹಳೆಯದೇ ಶುಕ್ರವಾರ ಕಾರ್ಖಾನೆಗೆ. ಚಿಪ್ಪಾಗಿ ಅಚ್ಚಾದ ಮೇಲೆ ತಿದ್ದುವ ಮಾತಿಲ್ಲ.

ಚಿಪ್ಪಿನ ಮೇಲೆ ತಮ್ಮ ಹೆಸರಿಗೆ ಜಾಗವಿಲ್ಲವೆಂಬ ಬೇಸರ ಫಾಯಿಜಾಗಿಲ್ಲ. 'ಕಿವಿಯಲ್ಲಿ ಒಂದು ಯಂತ್ರ ಇದೆ ಅನ್ನೋದೇ ಅಜ್ಜಿಗೆ ಮರೆತುಹೋಗಬೇಕು. ಅಷ್ಟಾದ್ರೆ ಸಾಕು.'

ಚಿಕ್ಕಬಸಮ್ಮ ಕಣ್ಣು ಮುಚ್ಚಿ ನಿಂತೇ ಇದ್ದಾರೆ. ಒಂದು ನಿಮಿಷ, ಎರಡು ನಿಮಿಷ. ಕೈ ಕಿವಿಯತ್ತ ಹೋಗುತ್ತದೆ. ಈ ಸಲವೂ ಕಿತ್ತರು ಎಂದು ಫಾಯಿಜಾ ತಲೆ ತಗ್ಗಿಸುತ್ತಾರೆ. ಅಜ್ಜಿ ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ, ಅಷ್ಟೇ.

'ಇಂದ್ಗಡೆ ಕಡೇ ತಟ್ಟೇಲಿ ಸೊಪ್ಪು ಆಗೋಗದೆ ಕಣಮ್ಮಿ. ಸುಮ್ನೆ ನಿಂತಿದ್ದೀಯಲ್ಲ, ಒಸಿ ಆಕು.'

ಫಾಯಿಜಾ ತಿರುಗಿ ನೋಡುತ್ತಾರೆ. ಅಜ್ಜಿಯ ಬೆನ್ನ ಹಿಂದಿನ ಆ ತಟ್ಟೆಯಲ್ಲಿ ಬರೀ ಕಡ್ಡಿ ಉಳಿದಿದೆ.