ಕ್ಲಚ್ ಹಿಡಿದು ಹೊಡೆದ ಖಾಲಿ ಕಿಕ್

ಕ್ಲಚ್ ಪೂರ್ತಿ ಹಿಡಿದೇ ಇದ್ದೆ. ಆದರೂ ಫಸ್ಟ್ ಗೇರ್ ಹಾಕಿದ ತಕ್ಷಣ ಅಪ್ಪನ ಕಾಲದ ಬೈಕು ಕಟಕ್ಕನೆ ಮುಂದೆ ಜಿಗಿದು ಬಂದ್ ಆಯಿತು. ಎಷ್ಟು ಸಲ ಶುರು ಮಾಡಿದರೂ ಅದೇ ಕತೆ. ಹಿಂದಿನ ಸಂಜೆ ಹೊಸ ಕ್ಲಚ್ ಪ್ಲೇಟು ಕೂಡಿಸಿದವನು ನಾನೇ ಆದ್ದರಿಂದ ಬೈಯಲು ಬೇರೆ ಯಾರೂ ಇರಲಿಲ್ಲ. ನಾನು ಹೋಗಬೇಕಿದ್ದ ಲಿಂಗಸುಗೂರಿನ ಬಸ್ಸೂ ಕಣ್ಣೆದುರೇ ಹೋಯಿತು.

ಸಂತೆಕಲ್ಲೂರಿನಲ್ಲಿ ನನ್ನ ಬಾಡಿಗೆ ಕೋಣೆಯ ಎದುರಿಗೊಂದು ಚಹಾದಂಗಡಿ ಇದೆ. ಅದನ್ನು ನಡೆಸುವ ಹಿರಿಯ ಹೆಂಗಸು ಹೊರಗೆ ಬಂದು ನೋಡುತ್ತ ನಿಂತಿದ್ದರು.

"ತಮ್ಮಾ, ಪ್ಲೇಟು ಅಂಟಿಕೊಂಡಾವ. ಗಾಡಿ ಬಂದ್ ಇದ್ದಾಗ ಕ್ಲಚ್ ಹಿಡದು ಸುಮ್ನ ನಾಕೈದು ಕಿಕ್ ಹೊಡಿ, ಬಿಟ್ಕೊಂತಾವ," ಎಂದರು.

ಹೊಡೆದೆ. ಆಮೇಲೆ ಶುರು ಮಾಡಿ ಗೇರ್ ಹಾಕಿದರೆ ಸಪ್ಪಳವಿಲ್ಲದೆ ಬಿತ್ತು. ಸರಿಹೋಯಿತೆಂದು ಹೇಳಲು ತಿರುಗಿದಾಗ ಅವರು ಅಲ್ಲಿರಲಿಲ್ಲ. ಅಷ್ಟರಲ್ಲೇ ಒಳಗಿನಿಂದ ಒಂದು ಲೋಟ ಚಹಾ ತಂದು ನನ್ನ ಮುಂದೆ ಹಿಡಿದರು. ನಾನು ಕೇಳಿರಲಿಲ್ಲ.

"ನಮ್ಮನಿಯವ್ರ ಗಾಡೀನೂ ಹಿಂಗ ಇತ್ತು. ಮುಂಜಾನೆ ಖಾಲಿ ಕಿಕ್ ಸಪ್ಪಳ ಕೇಳಿದ್ರ, ಹೊಂಟ್ರು ಅಂತ ಚಾ ಸೋಸತಿದ್ದೆ. ಅವ್ರು ತೀರಿಕೊಂಡ ಮ್ಯಾಲ ಆ ಸಪ್ಪಳ ಇವತ್ತ ಕೇಳಿದ್ದು. ಕೈ ತಾನ ಸೋಸಿಬಿಡ್ತು."

ಈಗ ಪ್ಲೇಟು ಪಳಗಿ ಗೇರ್ ಸಲೀಸಾಗಿ ಬೀಳುತ್ತದೆ. ಆದರೂ ದಿನಾ ಮುಂಜಾನೆ ಗಾಡಿ ಶುರು ಮಾಡುವ ಮೊದಲು ಕ್ಲಚ್ ಹಿಡಿದು ನಾಲ್ಕು ಖಾಲಿ ಕಿಕ್ ಹೊಡೆಯುತ್ತೇನೆ. ಅದರ ಅಗತ್ಯವಿಲ್ಲವೆಂದು ಅವರಿಗೂ ಗೊತ್ತಿರಬೇಕು. ಏನೂ ಕೇಳದೆ ಚಹಾ ಸೋಸುತ್ತಾರೆ.