ಭುಜಕ್ಕೇರಿದ ಹೊಟ್ಟೆನೋವು

ಮದುವೆಯಾದ ಹೊಸತರಲ್ಲಿ, ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ, ಯಶವಂತಪುರದ ನಮ್ಮ ಬಾಡಿಗೆ ಮನೆಯಲ್ಲಿ ನನಗೆ ಬಲು ಇಷ್ಟದ ಜಾಗವೆಂದರೆ ಹಿತ್ತಿಲ ಬಾಗಿಲ ಪಕ್ಕದ ಮೂಲೆ. ತಿಂಗಳಿಗೊಮ್ಮೆ ಅತ್ತೆಗೆ 'ಹೊರಗಾದೆ' ಎಂದುಬಿಟ್ಟರೆ ಸಾಕು, ಮೂರು ದಿನ ಅಲ್ಲಿ ಚಾಪೆ ಹಾಸಿ ಕೂರುವುದು. ಅಡುಗೆಯಿಲ್ಲ, ಪಾತ್ರೆಯಿಲ್ಲ. ಅತ್ತೆ ಮೇಲಿನಿಂದ ತಟ್ಟೆಗೆ ಅನ್ನ ಹಾಕುತ್ತಿದ್ದರು. ಓದಿದ ಹುಡುಗಿ, ಇದನ್ನೆಲ್ಲ ಹೇಗೆ ಸಹಿಸುತ್ತೀಯ ಎಂದು ಗೆಳತಿಯರು ಕೇಳುತ್ತಿದ್ದರು. ವಾರಪತ್ರಿಕೆಯ ಧಾರಾವಾಹಿ ಬಿಟ್ಟು ಜಗಳಕ್ಕೆ ನಿಲ್ಲಲು ನನಗೇನು ಹುಚ್ಚೇ?

ಅತ್ತೆಯ ಮಡಿ ಇಡೀ ಬೀದಿಗೆ ಗೊತ್ತಿತ್ತು. ನಲ್ಲಿಯಿಂದ ನೀರು ತರುವಾಗ ಯಾರ ಸೆರಗು ತಗುಲಿದರೂ ಕೊಡ ಚೆಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಗೊಣಗಿದವರಿಗೆ ಸರಿಯಾಗಿ ಬೈಗುಳ ಬೀಳುತ್ತಿತ್ತು.

ಒಂದು ಸಲ ನನ್ನ ಮುಟ್ಟು ಎರಡು ವಾರಕ್ಕೂ ಮೀರಿ ತಡವಾಯಿತು. ಯಾರಿಗೂ ಹೇಳದೆ ಮನಸ್ಸಿನಲ್ಲೇ ತೊಟ್ಟಿಲು ಕಟ್ಟಿಕೊಂಡಿದ್ದೆ. ಆಮೇಲೆ ಸ್ವಲ್ಪ ರಕ್ತ ಕಂಡಿತು. ನಿರಾಸೆಯಿಂದಲೇ ಚಾಪೆ ಹಾಸಿದೆ. ಕೆಳಹೊಟ್ಟೆಯ ಬಲಪಕ್ಕದಲ್ಲಿ ಮಾತ್ರ ನೋವಿತ್ತು. ಮರುದಿನ ಬೆಳಿಗ್ಗೆ ನಮ್ಮ ಯಜಮಾನರು ಫ್ಯಾಕ್ಟರಿಗೆ ಹೋದ ಮೇಲೆ ಅದು ಇರಿಯತೊಡಗಿತು. ತಡವಾಗಿ ಬಂದದ್ದಲ್ಲವೇ, ಜೋರಿರಬೇಕು ಅಂದುಕೊಂಡೆ. ಭುಜದ ತುದಿ ನೋಯುತ್ತಿತ್ತು. ಮೊನ್ನೆ ಕೊಡ ಹೊತ್ತದ್ದಕ್ಕೆ ಅಂದುಕೊಂಡೆ. ಎದ್ದು ಕೂತರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು, ಹಸಿವು ಅಂದುಕೊಂಡೆ. ಒಂದೊಂದಕ್ಕೂ ಒಂದೊಂದು ಕಾರಣ ಹುಡುಕುವುದರಲ್ಲಿ ನಾನು ಭಾರಿ ಜಾಣೆ.

ಅತ್ತೆ ಪೂಜೆ ಮುಗಿಸಿ, ಮಡಿಸೀರೆಯಲ್ಲೇ ಬಂದು ದೂರದಿಂದ ಕಾಫಿ ಇಟ್ಟರು. ನಾನು ಭುಜ ಒತ್ತಿಕೊಳ್ಳುತ್ತಿದ್ದುದನ್ನು ನೋಡಿ ಅಲ್ಲೇ ನಿಂತರು. ಎಲ್ಲೆಲ್ಲಿ ನೋವು, ಈ ಸಲ ಎಷ್ಟು ತಡವಾಗಿತ್ತು ಎಂದು ವಿಚಾರಿಸಿದರು. ಎಲ್ಲವನ್ನೂ ಹೇಳಿದೆ.

"ಮುಟ್ಟಿನ ನೋವು ಭುಜಕ್ಕೆ ಏರೋದನ್ನ ನಾನು ಎಲ್ಲೂ ಕಂಡಿಲ್ಲ ಕಣೇ. ಏಳು, ಆಸ್ಪತ್ರೆಗೆ ಹೋಗೋಣ."

ಸಂಜೆ ಯಜಮಾನರು ಬಂದ ಮೇಲೆ ಹೋದರಾಯಿತು ಎನ್ನುತ್ತ ಎದ್ದವಳು ಹಾಗೇ ಕುಸಿದೆ. ನೆಲಕ್ಕೆ ಮಾತ್ರ ಬೀಳಲಿಲ್ಲ. ಕಣ್ಣು ಬಿಟ್ಟಾಗ ಅತ್ತೆಯ ತೋಳಿನಲ್ಲಿದ್ದೆ. ನನ್ನನ್ನು ಎದೆಗೊರಗಿಸಿಕೊಂಡೇ ಅವರು ಆಟೋ ಹತ್ತಿದರು. ದಾರಿಯುದ್ದಕ್ಕೂ ಆಟೋದವನಿಗೆ ಬೈಗುಳ: ಗುಂಡಿಗೆ ಇಳಿಸಿದ್ದಕ್ಕೆ ಒಂದಿಷ್ಟು, ಗುಂಡಿ ತಪ್ಪಿಸಲು ನಿಧಾನ ಮಾಡಿದ್ದಕ್ಕೆ ಇನ್ನೊಂದಿಷ್ಟು. ಪಾಪ, ಅವನು ಹಾರ್ನ್ ಒತ್ತಿಯೇ ಉತ್ತರ ಕೊಟ್ಟ.

ಆಸ್ಪತ್ರೆಯ ಲೇಡಿ ಡಾಕ್ಟರು ಪರೀಕ್ಷೆ ಮಾಡಿದೊಡನೆ ಆಪರೇಷನ್ ಎಂದರು. ಬಸಿರು ಗರ್ಭಕೋಶದ ಬದಲು ಪಕ್ಕದ ನಾಳದಲ್ಲಿ ನಿಂತಿತ್ತು. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತಿತ್ತು. ಭುಜದ ನೋವಿಗೆ ಆ ರಕ್ತವೇ ಕಾರಣವಂತೆ. ಮುಟ್ಟು ತಪ್ಪಿದವಳಿಗೆ ಹೊಟ್ಟೆಯ ಒಂದೇ ಪಕ್ಕ ನೋವು, ತಲೆಸುತ್ತು ಕಾಣಿಸಿಕೊಂಡರೆ ರಕ್ತ ಹೋಗುತ್ತಿರಲಿ, ಬಿಡಲಿ, ತಕ್ಷಣ ಬರಬೇಕು ಎಂದು ಆಮೇಲೆ ನನ್ನನ್ನು ಚೆನ್ನಾಗಿ ಗದರಿದರು. ಸಂಜೆಯವರೆಗೆ ಕಾದಿದ್ದರೆ ನಾನು ಉಳಿಯುತ್ತಿರಲಿಲ್ಲವಂತೆ.

ಆಪರೇಷನ್ ಆಗಿ ಎಚ್ಚರವಾದಾಗ ಅತ್ತೆ ಮಂಚದ ಪಕ್ಕ, ಬೆಳಗಿನ ಮಡಿಸೀರೆಯಲ್ಲೇ, ನನ್ನ ಕೈ ಹಿಡಿದು ಕೂತಿದ್ದರು. ಅಭ್ಯಾಸಬಲದಿಂದ ಕೈ ಎಳೆದುಕೊಳ್ಳುತ್ತ, ಮೈಲಿಗೆಯಾಗುತ್ತೆ ಅತ್ತೆ ಎಂದೆ.

"ಸುಮ್ನೆ ಮಲಕ್ಕೋ. ಮೈಲಿಗೆ ಆದ್ರೆ ಸ್ನಾನ ಮಾಡ್ತೀನಿ. ನೀನು ಹೋಗಿದ್ರೆ ನಾನು ಏನ್ ಮಾಡ್ಬೇಕಿತ್ತು?"

ಕಳೆದುಕೊಂಡದ್ದಕ್ಕೆ ಅಳು ಬಂತು. ಬದುಕಿದ್ದೇನಲ್ಲ ಎಂಬ ಸಂತೋಷ ಅದನ್ನೂ ಮೀರಿ ಬಂದು, ಹೊಲಿಗೆ ಎಳೆಯುವಷ್ಟು ನಕ್ಕೆ. ನಗಬೇಡ ಎಂದು ಅತ್ತೆ ಗದರಿದರು. ಕೈ ಮಾತ್ರ ಬಿಡಲಿಲ್ಲ.