ಗೃಹಪ್ರವೇಶದ ಹಸುವಿಗೆ ಮೂರು ಬಕೆಟ್ ಪುಣ್ಯ

ಹಸು ಬದುಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರನ್ನು ತುದಿಗಾಲಲ್ಲಿ ನಿಲ್ಲಿಸುವ ಹವ್ಯಾಸ ನನಗಿಲ್ಲ. ಆ ಎರಡು ದಿನ ನಾವು ನಿಂತದ್ದೇ ಸಾಕು.

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿದವನು ನಾನು. ಸೂರ್ಯನ ಶಕ್ತಿ ಹುಲ್ಲಿಗೆ, ಹುಲ್ಲಿನದು ಮಿಡತೆಗೆ, ಮಿಡತೆಯದು ಕಪ್ಪೆಗೆ, ಕಪ್ಪೆಯದು ಹಾವಿಗೆ ಎಂದು ಬೋರ್ಡಿನ ಮೇಲೆ ಬಾಣ ಎಳೆದೂ ಎಳೆದೂ ನನ್ನ ಬಲಭುಜ ಸವೆದಿದೆ. ಒಂದೊಂದು ಮೆಟ್ಟಿಲಿನಲ್ಲೂ ಶಕ್ತಿಯ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಸೋರಿಹೋಗುತ್ತದೆ, ಮುಂದಿನವರ ಬಾಯಿಗೆ ದಕ್ಕುವುದು ಒಂದೇ ಪಾಲು ಎಂದು ಗಂಭೀರವಾಗಿ ಸಾರಿದ್ದೇನೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ನಾಲ್ಕು ಕೋಣೆಗಳನ್ನು ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತಪಾಸಣೆಗೆ ಬಂದ ಸಾಹೇಬರಿಂದ ಶಹಬ್ಬಾಸ್ ಎನ್ನಿಸಿಕೊಂಡಿದ್ದೇನೆ. ಇಷ್ಟೆಲ್ಲ ಅರ್ಹತೆ ಇದ್ದೂ ಒಂದು ಹಸುವನ್ನು ಕೊಲ್ಲುವ ಹಂತಕ್ಕೆ ತರುವುದು ಸುಲಭವಲ್ಲ. ನಾನು ತಂದುಬಿಟ್ಟೆ.

ನಿವೃತ್ತಿಯಾದ ಮೇಲೆ ಶಿವಮೊಗ್ಗದ ಸಾಗರ ರಸ್ತೆಯ ಕಡೆಯ ಲೇಔಟಿನಲ್ಲಿ ಒಂದು ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ಮನೆಯೊಳಗೆ ಮೊದಲು ಕಾಲಿಡುವ ಹಕ್ಕು ಹಸುವಿನದು; ಸೈಟು ಕೊಂಡವನದಲ್ಲ, ಸಾಲ ಮಾಡಿದವನದಲ್ಲ. ನಮ್ಮ ಪುಣ್ಯಕ್ಕೆ ಎರಡು ಬೀದಿಯಾಚೆ ಒಬ್ಬ ಹೆಂಗಸು ಎರಡು ಹಸು ಸಾಕಿಕೊಂಡು ಏಳೆಂಟು ಮನೆಗೆ ಹಾಲು ಹಾಕುತ್ತಿದ್ದರು. ನನ್ನ ಹೆಂಡತಿ ಅವರನ್ನು ಹಾಲಿನಮ್ಮ ಎನ್ನುತ್ತಿದ್ದಳು. ಎರಡರಲ್ಲಿ ಒಂದು ಹಸು ಗಬ್ಬವಾಗಿ ಹಾಲು ಬತ್ತಿಸಿತ್ತು. ಹಾಲು ಕೊಡುತ್ತಿದ್ದುದು ಇನ್ನೊಂದೇ, ಹಾಲಿನಮ್ಮನ ಸಂಸಾರ ನಿಂತಿದ್ದುದು ಅದರ ಮೇಲೆ. ಅದನ್ನೇ ನಮ್ಮ ಹೊಸ್ತಿಲು ದಾಟಿಸಲು ಹೊಡೆದುಕೊಂಡು ಬಂದರು, ಹಣೆಗೆ ಅರಿಶಿನ ಕುಂಕುಮ ಬಳಿದು.

ಟೈಲ್ಸ್ ಮೇಲೆ ಹಸು ಜಾರಬಾರದೆಂದು ಗೋಣಿಚೀಲ ಹಾಸಿದ್ದೆವು. ಹಸು ಬಂತು, ಸುತ್ತ ನೋಡಿತು, ನಡುಮನೆಯ ನಟ್ಟನಡುವೆ, ಗೋಣಿಚೀಲ ಇಲ್ಲದ ಕಡೆಯೇ ನೋಡಿಕೊಂಡು, ಸಗಣಿ ಹಾಕಿತು. ಕೋಟೆ ರಸ್ತೆಯಿಂದ ಬಂದಿದ್ದ ಪುರೋಹಿತರು ಬಹಳ ಶುಭ ಎಂದರು. ಟೈಲ್ಸ್ ಹಾಕಿದ ಮೇಸ್ತ್ರಿ ಒರೆಸಲು ಬಟ್ಟೆ ಹುಡುಕಿದ.

ಪೂಜೆ ಮುಗಿದ ಮೇಲೆ ಹಸುವನ್ನು ಪಕ್ಕದ ಖಾಲಿ ಸೈಟಿನಲ್ಲಿ ಕಟ್ಟಿ ಹಾಲಿನಮ್ಮ ನನಗೆ ಸ್ಪಷ್ಟವಾಗಿ ಹೇಳಿದರು: "ಮೇಷ್ಟ್ರೇ, ಎರಡು ಬಾಳೆಹಣ್ಣು ತಿಂದಾಯ್ತು, ಅಷ್ಟು ಸಾಕು. ಇನ್ನೇನೂ ಕೊಡ್ಬೇಡಿ. ಊಟ ಮಾಡ್ಕೊಂಡು ಮನೆಗೆ ಹೋಗಿ, ಸಂಜೆ ಬಂದು ಹೊಡ್ಕೊಂಡು ಹೋಗ್ತೀನಿ."

ನಾನು ತಲೆಯಾಡಿಸಿದೆ. ಮೂವತ್ತು ವರ್ಷ ನನ್ನ ಪಾಠಕ್ಕೆ ಮಕ್ಕಳು ಆಡಿಸಿದ್ದೂ ಇದೇ ರೀತಿ.

ಮರುದಿನ ಬೆಳಿಗ್ಗೆ ಹಾಲು ಬರಲಿಲ್ಲ, ಹಾಲಿನಮ್ಮ ಬಂದರು. ಗೇಟಿನ ಹತ್ತಿರವೇ ನಿಂತು ಕೇಳಿದರು: "ಹಸು ಎದ್ದೇಳ್ತಿಲ್ಲ ಮೇಷ್ಟ್ರೇ. ಹಲ್ಲು ಕಡೀತಿದೆ. ಮೆಲುಕು ಹಾಕಿಲ್ಲ. ನಿನ್ನೆ ಏನು ತಿಂತು?"

"ಎರಡು ಬಾಳೆಹಣ್ಣು," ಎಂದೆ. ಸುಳ್ಳಲ್ಲ. ಎರಡು ಬಾಳೆಹಣ್ಣನ್ನು ಅದು ತಿಂದದ್ದು ಹೌದು.

ನಾನು, ನನ್ನ ಹೆಂಡತಿ, ಭದ್ರಾವತಿಯಿಂದ ಬಂದು ಉಳಿದುಕೊಂಡಿದ್ದ ನನ್ನ ಭಾಮೈದ, ಮೂವರೂ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಹೊರಟೆವು. ಭಾಮೈದ ಕಬ್ಬಿಣ ಕಾರ್ಖಾನೆಯ ಫರ್ನೇಸಿನ ಮುಂದೆ ಆಯುಷ್ಯ ಕಳೆದವನು. ಜಗತ್ತಿನ ಪ್ರತಿಯೊಂದು ಕಾಯಿಲೆಯೂ ಅವನಿಗೆ ಫರ್ನೇಸಿನ ಕಾಯಿಲೆಯೇ. ಕೊಟ್ಟಿಗೆಯಲ್ಲಿ ಹಸುವನ್ನು ಒಂದು ಸುತ್ತು ನೋಡಿ, ಎಡಪಕ್ಕೆಯನ್ನು ಬೆರಳಿನಿಂದ ಒತ್ತಿದ. ಒತ್ತಿದ ಗುಳಿ ಕಲಸಿದ ಹಿಟ್ಟಿನಲ್ಲಿ ಉಳಿದಂತೆ ಉಳಿಯಿತು.

"ಭಾವ, ಒಳಗೆ ಮಾಲು ಕಚ್ಕೊಂಡಿದೆ. ಗಾಳಿ ಆಡ್ತಿಲ್ಲ."

"ಅದು ಹಸು ಮಾರಾಯ."

"ಅದ್ಕೇ ಹೇಳ್ತಿರೋದು. ಫರ್ನೇಸ್ ಆಗಿದ್ರೆ ನಾನೇ ಸರಿ ಮಾಡ್ತಿದ್ದೆ."

ಹಸುವಿನ ಕಣ್ಣು ಗುಳಿ ಬಿದ್ದಿತ್ತು. ಬಾಲದ ಬುಡದಲ್ಲಿ ಹರಿದ ಸಗಣಿ ನೀರಾಗಿತ್ತು, ಹುಳಿ ಹಿಟ್ಟಿನ ವಾಸನೆ ಬರುತ್ತಿತ್ತು. ಹಾಲಿನಮ್ಮ ಅದರ ಕೊಂಬಿನ ಬುಡ ತುರಿಸುತ್ತ ಕೂತಿದ್ದರು. ಒಂದು ಮನೆಗೆ ಕಾಲಿಟ್ಟು ಶುಭ ತಂದ ಹಸು ಮರುದಿನವೇ ಸತ್ತರೆ ಆ ಮನೆಯ ಪುಣ್ಯದ ಲೆಕ್ಕ ಏನಾಗುತ್ತದೆ ಎಂಬುದನ್ನು ನಾನು ಯೋಚಿಸಲಿಲ್ಲ ಎಂದರೆ ಅದು ಆ ದಿನದ ಎರಡನೆಯ ಸುಳ್ಳಾಗುತ್ತದೆ. ಆದರೆ ಹಾಲಿನಮ್ಮನ ಕೈ ನೋಡಿದ ಮೇಲೆ ನನ್ನ ಪುಣ್ಯದ ಯೋಚನೆ ನನಗೇ ನಾಚಿಕೆ ತಂದಿತು.

ದನದ ಡಾಕ್ಟರು ಆಯನೂರಿನ ಕಡೆ ಒಂದು ಎಮ್ಮೆಯ ಹೆರಿಗೆಗೆ ಹೋಗಿದ್ದವರು ಹತ್ತು ಗಂಟೆಗೆ ಬೈಕಿನಲ್ಲಿ ಬಂದರು. ನನ್ನ ಮಕ್ಕಳ ವಯಸ್ಸಿನ ಹೆಣ್ಣುಮಗಳು. ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, "ಒಳಗೆ ಸದ್ದೇ ಇಲ್ಲ," ಎಂದರು. "ಅಕ್ಕಿನೋ ಅನ್ನನೋ ತಿಂದಿದೆ. ಎಷ್ಟು ತಿಂದಿದೆ ಅಂತ ಗೊತ್ತಾಗ್ಬೇಕು. ಯಾರು ಕೊಟ್ರಿ?"

ಮೂವರೂ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು. ಇಂಥ ತಗ್ಗಿದ ತಲೆಗಳನ್ನು ನಾನು ತರಗತಿಯ ಇನ್ನೊಂದು ಬದಿಯಿಂದ ಮಾತ್ರ ಬಲ್ಲೆ.

"ಹೇಳಿದ್ರೆ ಔಷಧಿ. ಹೇಳ್ಲಿಲ್ಲ ಅಂದ್ರೆ ನನ್ ಕೈಲಿ ಏನೂ ಇಲ್ಲ," ಎಂದರು ಡಾಕ್ಟರು.

"ನಾನು ಒಂದು ಬಕೆಟ್ ಅನ್ನ ಕೊಟ್ಟೆ," ಎಂದೆ. "ಊಟಕ್ಕೆ ಜನ ಕಡಿಮೆ ಬಂದ್ರು. ಚೆಲ್ಲೋದು ಪಾಪ ಅನ್ನಿಸ್ತು. ಅದಕ್ಕೂ ಒಂದಿಷ್ಟು ಶಕ್ತಿ ಬರ್ಲಿ ಅಂತ..."

ಹಾಲಿನಮ್ಮ ನನ್ನನ್ನು ನೋಡಿದರು. ಅಷ್ಟರಲ್ಲಿ ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು. "ನಾನೂ ಸ್ವಲ್ಪ ಪಾಯಸ ಕೊಟ್ಟಿದ್ದೆ."

"ಸ್ವಲ್ಪ ಅಂದ್ರೆ?"

"ಒಂದು ಬಕೆಟ್. ಪೂರ್ತಿ ತುಂಬಿರ್ಲಿಲ್ಲ. ಹೊಸ ಮನೆ, ಗೋಮಾತೆ ಹಸಿದು ಹೋಗ್ಬಾರ್ದಲ್ವಾ? ಇವ್ರು ಕೊಟ್ಟಿದ್ದು ನಂಗೊತ್ತಿಲ್ಲ. ಇವ್ರು ಯಾವತ್ತು ಯಾರಿಗೆ ಏನು ಬಡಿಸಿದ್ದಾರೆ?"

ಎಲ್ಲರೂ ಭಾಮೈದನ ಕಡೆ ತಿರುಗಿದೆವು. ಅವನು ಕೊಟ್ಟಿಗೆಯ ಸೂರಿನ ತಗಡನ್ನು ಪರೀಕ್ಷಿಸುತ್ತಿದ್ದ.

"ಅಕ್ಕ, ನನ್ನ ಯಾಕೆ ನೋಡ್ತೀಯಾ?"

"ಹೇಳೋ."

"ಹೋಳಿಗೆ. ಹೂರಣ ಉಳಿದಿತ್ತಲ್ಲ, ಅದೂ ಸೇರಿಸಿ. ಅರ್ಧ ಬಕೆಟ್... ಮುಕ್ಕಾಲು. ಅದು ತಿಂತಾನೇ ಇತ್ತು ಡಾಕ್ಟ್ರೇ! ನಾನು ನಿಲ್ಸಿದ್ರೂ ಅದು ನಿಲ್ಸ್ಲಿಲ್ಲ."

ಮೂವರೂ ಒಬ್ಬರ ಕಣ್ಣು ಒಬ್ಬರು ತಪ್ಪಿಸಿ, ಪಾಲುದಾರರಿಲ್ಲದ ಪುಣ್ಯ ಗಳಿಸಲು ಹೋಗಿ, ಒಂದೇ ಹೊಟ್ಟೆಗೆ ಹಾಕಿದ್ದೆವು. ಡಾಕ್ಟರು ಬೆರಳು ಮಡಚಿ ಬಕೆಟ್ ಎಣಿಸಿದರು. ಹಾಲಿನಮ್ಮ ಎದ್ದು ನಿಂತು, "ಓದಿದೋರು ನೀವು!" ಎಂದರು. ಮೂರೂ ಜನರಿಗೆ ಸೇರಿ ಒಂದೇ ಬೈಗುಳ. ಅದು ಸಾಲದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಡುಗೆ ಸೋಡಾ ನೀರಿನಲ್ಲಿ ಕದಡಿ ಕುಡಿಸುತ್ತ, ಕುತ್ತಿಗೆಯ ನರಕ್ಕೆ ಡ್ರಿಪ್ ಹಾಕುತ್ತ ಡಾಕ್ಟರು ನನಗೆ ನನ್ನದೇ ಪಾಠ ಮಾಡಿದರು. ಹಸು ಹುಲ್ಲು ತಿನ್ನುತ್ತದೆ ಎಂದು ನಾವು ಹೇಳುವುದು ಮಾತಿಗೆ. ಹುಲ್ಲಿನ ನಾರು ಒಡೆಯುವ ಶಕ್ತಿ ಹಸುವಿಗಿಲ್ಲ. ಅದರ ದೊಡ್ಡ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಬಿಡಾರ ಹೂಡಿವೆ. ಹುಲ್ಲು ಅವುಗಳ ಊಟ. ಅವು ಉಂಡು ಹೊರಹಾಕಿದ್ದು ಹಸುವಿನ ಊಟ; ಕೊನೆಗೆ ಕೆಳಗಿನ ಕೋಣೆಗೆ ಜಾರಿದ ಅವೂ ಹಸುವಿನ ಊಟವೇ. ಬಿಸಿಲನ್ನು ಹುಲ್ಲು ಹಿಡಿದಿಡುತ್ತದೆ, ಅದನ್ನು ಬಿಡಿಸಿ ಹಾಲಾಗಲು ಕಳಿಸುವವರು ಈ ಬಾಡಿಗೆದಾರರು. ಇವರಲ್ಲಿ ಹುಲ್ಲು ತಿನ್ನುವವರು ನಿಧಾನಸ್ಥರು. ಅನ್ನ, ಬೆಲ್ಲ ಬಿದ್ದರೆ ಬೇರೊಂದು ಅವಸರದ ಜಾತಿ ಮೈತುಂಬಿಕೊಂಡು, ಒಂದು ರಾತ್ರಿಯಲ್ಲಿ ಇಡೀ ಹೊಟ್ಟೆಯನ್ನು ಹುಳಿ ಮಾಡಿ, ನಿಧಾನಸ್ಥರನ್ನೆಲ್ಲ ಸಾಯಿಸಿಬಿಡುತ್ತದೆ.

"ಶಕ್ತಿ ಕಮ್ಮಿಯಾಗಿ ಅಲ್ಲ ಸರ್, ಜಾಸ್ತಿಯಾಗಿ ಮಲಗಿದೆ," ಎಂದರು ಡಾಕ್ಟರು.

"ಒಳಗೆ ತುಂಬಿದ ಮಾಲು ಓವರ್ ಆಯ್ತು ಅಂತ ನಾನು ಆಗ್ಲೇ ಹೇಳ್ಲಿಲ್ವಾ?" ಎಂದ ಭಾಮೈದ.

"ನೀನು ಹೂರಣ ಹಾಕಿದ್ದು ಹೇಳ್ಲಿಲ್ಲ," ಎಂದಳು ಅವನ ಅಕ್ಕ.

ಸೋಡಾದಿಂದ ಹುಳಿ ಇಳಿದರೂ ಸತ್ತ ಬಾಡಿಗೆದಾರರು ಎದ್ದು ಬರುವುದಿಲ್ಲವಂತೆ. ಹೊಸಬರನ್ನು ತರಬೇಕು. ಎಲ್ಲಿಂದ? ಪಕ್ಕದಲ್ಲೇ ಕಟ್ಟಿದ್ದ ಗಬ್ಬದ ಹಸುವಿನ ಕಡೆ ಡಾಕ್ಟರು ಕೈ ತೋರಿಸಿದರು. ಅದು ಒಣಹುಲ್ಲನ್ನು ಆರಾಮಾಗಿ ಮೆಲುಕು ಹಾಕುತ್ತ, ನಮ್ಮನ್ನು ಪರಮ ತಿರಸ್ಕಾರದಿಂದ ನೋಡುತ್ತಿತ್ತು. ಹಾಲಿನಮ್ಮ ತಡೆದರು: "ಅದು ಗಬ್ಬ ಇದೆ. ಅದಕ್ಕೂ ಏನಾದ್ರೂ ಆದ್ರೆ ನಾನೇನ್ ಮಾಡ್ಲಿ?"

"ಏನೂ ಆಗಲ್ಲ ಅಮ್ಮ. ಸ್ವಲ್ಪ ಹೊಟ್ಟೆನೀರು ತಗೋತೀನಿ, ಅಷ್ಟೆ. ಸಂಜೆಯೊಳಗೆ ಅದು ಮತ್ತೆ ತುಂಬ್ಕೊಳ್ಳುತ್ತೆ."

ಹಾಲಿನಮ್ಮ ಎರಡೂ ಹಸುಗಳನ್ನು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಬ್ಬದ ಹಸುವಿನ ಮೂಗುದಾರ ತಾವೇ ಹಿಡಿದರು.

ಬಾಯಿಂದ ಕೊಳವೆ ಇಳಿಸಿ ಎಳೆದಾಗ ಹಸಿರು ನೀರು ಬಕೆಟ್ಟಿಗೆ ಇಳಿಯಿತು, ಬೆಚ್ಚಗೆ, ಬುರುಗುಬುರುಗಾಗಿ. ಸೋಸಲು ಬಟ್ಟೆ ಬೇಕಾಯಿತು. ಹಿಂದಿನ ದಿನ ನೆಂಟರು ನನಗೆ ಹೊದಿಸಿದ್ದ, ಜರಿಯಂಚಿನ ಹೊಸ ಶಲ್ಯವನ್ನು ನನ್ನ ಹೆಂಡತಿ ಓಡಿಹೋಗಿ ತಂದಳು. ಹಳೆಯ ಪಂಚೆ ಮನೆಯಲ್ಲಿ ಇರಲಿಲ್ಲವೇ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನಗೆ ಸಂದ ಒಂದೇ ಸನ್ಮಾನದಲ್ಲಿ ಒಂದು ಹಸುವಿನ ಹೊಟ್ಟೆಯ ಪ್ರಜೆಗಳು ಸೋಸಿ ಇಳಿದು, ಇನ್ನೊಂದು ಹಸುವಿನ ಹೊಟ್ಟೆಗೆ ವಲಸೆ ಹೋದರು. ಬಕೆಟ್ ಹಿಡಿದುಕೊಳ್ಳುವ ಕೆಲಸ ನನ್ನದು. ಬಕೆಟ್ಟಿನ ವಿಷಯದಲ್ಲಿ ನನಗಾಗಲೇ ಅನುಭವವಿತ್ತು.

"ನಾಳೆ ಬೆಳಿಗ್ಗೆ ಬರ್ತೀನಿ. ಒಣಹುಲ್ಲು ಬಿಟ್ರೆ ಏನೂ ಬೇಡ," ಎಂದು ಹೊರಟ ಡಾಕ್ಟರು ತಿರುಗಿ ನಮ್ಮ ಮೂವರನ್ನೂ ನೋಡಿದರು. "ಏನೂ ಅಂದ್ರೆ ಏನೂ. ಮೆಲುಕು ಶುರುವಾದ್ರೆ ಒಂದೊಂದು ತುತ್ತಿಗೆ ಎಷ್ಟು ಸಲ ಅಗಿಯುತ್ತೆ ಅಂತ ಎಣಿಸಿ. ನಲವತ್ತು ದಾಟಿದ್ರೆ ಗೆದ್ವಿ."

ಮರುದಿನ ಬೆಳಕು ಹರಿಯುವಾಗ ನಾನು ಕೊಟ್ಟಿಗೆಯಲ್ಲಿದ್ದೆ. ಭಾಮೈದ ನನಗಿಂತ ಮೊದಲೇ ಬಂದು ಹಸುವಿನ ಎಡಪಕ್ಕೆಗೆ ಕಿವಿಯಿಟ್ಟು ಕೂತಿದ್ದ. ಹಸು ಎದ್ದು ನಿಂತಿತ್ತು. ಮುಂದೆ ಹಾಕಿದ್ದ ಒಣಹುಲ್ಲಿನಲ್ಲಿ ಒಂದು ಹಿಡಿಯಷ್ಟು ಕಡಿಮೆಯಾಗಿತ್ತು.

"ಭಾವ, ಸದ್ದು ಬಂತು. ಗುಡುಗಿದ ಹಾಗೆ."

"ನಿನ್ನ ಹೊಟ್ಟೆಯದೇನೋ."

"ಸುಮ್ನಿರಿ, ಮತ್ತೆ ಬಂತು!"

ಹಾಲಿನಮ್ಮ ಬಾಗಿಲಲ್ಲಿ ನಿಂತಿದ್ದರು. ಹಸು ಕುತ್ತಿಗೆ ಚಾಚಿ, ನಮ್ಮ ಮುಖಕ್ಕೇ ಒಂದು ದೀರ್ಘ ತೇಗು ಬಿಟ್ಟಿತು. ಇಷ್ಟು ಸಂತೋಷದಿಂದ ಯಾರ ತೇಗನ್ನೂ ನಾನು ಸ್ವೀಕರಿಸಿಲ್ಲ. ಆಮೇಲೆ ಕೊರಳ ಕೆಳಗಿನಿಂದ ಒಂದು ಉಂಡೆ ಮೇಲೇರಿದ್ದು ಚರ್ಮದ ಮೇಲೆಯೇ ಕಾಣಿಸಿತು. ದವಡೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು.

"ಒಂದು," ಎಂದೆ.

ಹನ್ನೊಂದಕ್ಕೆ ನಿಂತು ನುಂಗಿತು. ಇನ್ನೊಂದು ಉಂಡೆ ಮೇಲೆ ಬಂತು. ಈ ಸಲ ಹಾಲಿನಮ್ಮನೂ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತು ಎಣಿಸತೊಡಗಿದರು. ಇಪ್ಪತ್ತೆಂಟಕ್ಕೆ ನನಗೂ ಅವರಿಗೂ ಲೆಕ್ಕ ಬೇರೆಯಾಯಿತು. ಅವರ ಲೆಕ್ಕವನ್ನೇ ಒಪ್ಪಿಕೊಂಡೆ. ನಲವತ್ತು ದಾಟಿದಾಗ ಅವರು ಎಣಿಸುವುದನ್ನು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಹಸುವಿನ ಕೊರಳಡಿಯ ಗಂಗೆದೊಗಲನ್ನು ನೀವುತ್ತ, "ಅಗಿ ಮಗಳೇ, ಅಗಿ," ಎಂದರು.

ನಾನು ಎಣಿಸುತ್ತಲೇ ಇದ್ದೆ. ಐವತ್ತಮೂರು.